ಪರದೇಶದ ಬೊಕ್ಕಸ, ನಮ್ಮ ಪೇಟೆಯ ಧಾರಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆ ಭೂಮಿಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ ಬೆಳೆಯುತ್ತಾರೆ. ರೊಟ್ಟಿಯ ಜೋಳವನ್ನು ತಿನ್ನುವವರು ಬಹುಪಾಲು ಈ ಸೀಮೆಯವರೇ. ಅದರ ಧಾರಣೆ ಇಲ್ಲಿಯ ಮಳೆಯನ್ನೇ ನೋಡುತ್ತದೆ. ಗೋದಿಯ ಮಾತು ಬೇರೆ.

1985ರಲ್ಲಿ ಅಮೆರಿಕವು ಗೋದಿ ರಫ್ತುದಾರರಿಗೆ ಸರ್ಕಾರಿ ದಾಸ್ತಾನಿನಿಂದಲೇ ಧಾನ್ಯವನ್ನು ಬೋನಸ್ಸಾಗಿ ಕೊಡತೊಡಗಿತು. ಯುರೋಪು ತನ್ನ ರಫ್ತಿಗೆ ಸಹಾಯಧನ ಕೊಟ್ಟು ಗಿರಾಕಿಗಳನ್ನು ಸೆಳೆಯುತ್ತಿದೆ ಎಂಬುದು ಅದರ ಸಿಟ್ಟು. ಪರಿಣಾಮವಾಗಿ ಒಂದೇ ಗೋದಿಗೆ ಎರಡು ಬೆಲೆ: ಅಲ್ಜೀರಿಯಾ, ಈಜಿಪ್ಟಿಗೆ ಅಗ್ಗ, ಸ್ವಂತ ನಾಡಿನಲ್ಲಿ ತುಟ್ಟಿ. ಮಾಲು ಹೊರಗೆ ಹೋದಷ್ಟೂ ಒಳಗಿನ ಬೆಲೆ ಏರುತ್ತದೆ. ಈ ಎರಡರ ಅಂತರವನ್ನು ತುಂಬುವುದು ಬೊಕ್ಕಸ. ಅಂಥ ಬೊಕ್ಕಸವಿಲ್ಲದ ಆಸ್ಟ್ರೇಲಿಯಾ, ಅರ್ಜೆಂಟೀನಾಗಳು ಬೆಲೆ ಇಳಿಸಬೇಕು, ಇಲ್ಲವೇ ಗಿರಾಕಿಯನ್ನು ಬಿಡಬೇಕು. ಜಗಳವಾಡಿದವರು ಇಬ್ಬರು, ಪೆಟ್ಟು ತಿಂದವರು ಮೂರನೆಯವರು! 1986ರಲ್ಲಿ ಇವರೂ ಇತರರೂ ಸೇರಿ ಕೇರ್ನ್ಸ್ ಗುಂಪು ಕಟ್ಟಿದರು.

ನಾವೂ ಸಾಚಾ ಅಲ್ಲ. 2000ದಲ್ಲಿ ಆಹಾರ ನಿಗಮದ ಉಗ್ರಾಣಗಳು ತುಂಬಿ ತುಳುಕಿದಾಗ, ಕ್ವಿಂಟಲಿಗೆ 580 ರೂಪಾಯಿ ಬೆಂಬಲ ಬೆಲೆಯ ಗೋದಿಯನ್ನು ಕೇಂದ್ರ ಸರ್ಕಾರ ಬಡವರ ಪಡಿತರದ ದರವಾದ 415ಕ್ಕೇ ರಫ್ತಿಗೆ ಕೊಟ್ಟಿತು. ಹಸಿದವರು ಊರಲ್ಲೇ ಇದ್ದರು ಎಂಬುದನ್ನು ಮರೆಯಲಾಗದು.

2015ರ ನೈರೋಬಿ ಸಭೆಯಲ್ಲಿ ರಫ್ತು ಸಹಾಯಧನ ನಿಲ್ಲಿಸಲು ಒಪ್ಪಿದರು. ಆದರೆ ಬೇರೆ ಬಾಗಿಲುಗಳಿವೆ. 2023ರ ಡಿಸೆಂಬರಿನಲ್ಲಿ ಭಾರತವು ಹಳದಿ ಬಟಾಣಿಯ ಆಮದು ಸುಂಕ ತೆಗೆದಾಗ ಕೆನಡಾ, ರಷ್ಯಾಗಳ ಅಗ್ಗದ ಮಾಲು ಬಂದಿತು. ಕಡಲೆಹಿಟ್ಟಿನ ಜಾಗದಲ್ಲಿ ಬಟಾಣಿಹಿಟ್ಟೂ ನಡೆಯುತ್ತದೆ. ಆದ್ದರಿಂದ ಸಿಂದಗಿಯ ಕಡಲೆ ಬೆಳೆದವನು ಆ ಹಡಗುಗಳೊಡನೆಯೂ ಪೈಪೋಟಿಗೆ ನಿಲ್ಲಬೇಕಾಯಿತು.