ಪದವಿಗೂ ಪದವಿಗೂ ನಡುವೆ ಒಂದು ವರ್ಷ

ಮಗ ಡಾಕ್ಟರಾದನೆಂದೋ ಮಗಳು ಡಾಕ್ಟರಾದಳೆಂದೋ ಬಂಧುಬಳಗಕ್ಕೆಲ್ಲ ಸಿಹಿ ಹಂಚಿ ಮುಗಿದ ಮೇಲೆ, ಅನೇಕ ಮನೆಗಳಲ್ಲಿ ಒಂದು ಬಗೆಯ ಮೌನ ನೆಲೆಸುವುದುಂಟು. ನಾಲ್ಕೂವರೆ ವರ್ಷಗಳ ವ್ಯಾಸಂಗ ಮುಗಿಯಿತು. ಒಂದು ವರ್ಷದ ಹೌಸ್ ಸರ್ಜನ್ ಸೇವೆಯೂ ಮುಗಿಯಿತು. ಹೆಸರಿನ ಹಿಂದೆ 'ಡಾ' ಎಂಬ ಅಕ್ಷರ ಬಂದು ಕುಳಿತಿತು. ಆದರೆ ಎಂ.ಡಿ. ಅಥವಾ ಎಂ.ಎಸ್. ತರಬೇತಿಯ ಬಾಗಿಲು ಇನ್ನೂ ತೆರೆದಿಲ್ಲ. ಹೌಸ್ ಸರ್ಜನ್ನರಿಗೆ ಕೊಡುತ್ತಿದ್ದ ಭತ್ಯೆ ನಿಂತುಹೋಗಿದೆ. ತಂದೆ ಪಡೆದ ಸಾಲದ ಕಂತು ಮಾತ್ರ ನಿಂತಿಲ್ಲ. "ಈಗೇನು ಮಾಡುತ್ತಿದ್ದಾನೆ?" ಎಂದು ನೆರೆಯವರು ಕೇಳಿದರೆ, "ಓದುತ್ತಿದ್ದಾನೆ" ಎಂಬ ಉತ್ತರವನ್ನು ತಾಯಿ ತುಸು ತಗ್ಗಿದ ದನಿಯಲ್ಲಿಯೇ ಹೇಳಬೇಕಾಗುತ್ತದೆ.

ಈ ನಡುವಿನ ವರ್ಷವನ್ನು ಹೇಗೆ ಕಳೆಯಬೇಕು, ಅದರಲ್ಲಿ ಅನ್ನಕ್ಕೆ ದಾರಿ ಯಾವುದು, ಯಾವ ದಾರಿಯಲ್ಲಿ ಕಾಲಿಡಬಾರದು ಎಂಬ ವಿಚಾರ ಇಂದು ಸಾವಿರಾರು ಕುಟುಂಬಗಳ ಸ್ವಂತ ವಿಚಾರವಾಗಿದೆ.

ವರ್ಷ ಏಕೆ ಕೈಬಿಟ್ಟುಹೋಗುತ್ತದೆ?

ಸ್ನಾತಕೋತ್ತರ ತರಬೇತಿಗೆ ನೀಟ್-ಪಿ.ಜಿ. ಎಂಬ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ಇನ್ನೂರು ಪ್ರಶ್ನೆ, ಎಂಟುನೂರು ಅಂಕ, ಮೂರೂವರೆ ಗಂಟೆ. ದೇಶದಾದ್ಯಂತ ಎರಡು ಲಕ್ಷಕ್ಕೂ ಮಿಕ್ಕಿ ಅಭ್ಯರ್ಥಿಗಳು ಇದಕ್ಕೆ ಕುಳಿತುಕೊಳ್ಳುತ್ತಾರೆ. ಇರುವ ಸ್ಥಾನಗಳು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಬುದ್ಧಿವಂತರಾದವರಿಗೂ ಮೊದಲ ಯತ್ನದಲ್ಲಿಯೇ ಬಯಸಿದ ಶಾಖೆ ದೊರೆಯುವುದು ಖಂಡಿತವಲ್ಲ.

ಅಭ್ಯರ್ಥಿಯ ತಪ್ಪೇನೂ ಇಲ್ಲದೆಯೂ ಕಾಲ ಕೈತಪ್ಪುವುದುಂಟು. 2021ರ ಪರೀಕ್ಷೆ ಕೊರೋನಾ ಪಿಡುಗಿನ ಕಾರಣ ಮುಂದೆ ಮುಂದೆ ಹೋಗಿ ಸೆಪ್ಟೆಂಬರ್ 11ರಂದು ನಡೆಯಿತು. ಮೀಸಲಾತಿಯ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಸ್ಥಾನ ಹಂಚಿಕೆ ಆರಂಭವಾಗುವಷ್ಟರಲ್ಲಿ 2022ರ ಜನವರಿ ಬಂದಿತ್ತು. 2024ರಲ್ಲಿ ಜೂನ್ 23ರಂದು ನಡೆಯಬೇಕಾಗಿದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿ ಆಗಸ್ಟ್ 11ರಂದು ನಡೆಸಿದರು. 2025ರಲ್ಲಿ ಎರಡು ಪಾಳಿಗೆ ಬದಲು ಒಂದೇ ಪಾಳಿಯಲ್ಲಿ ನಡೆಸಬೇಕೆಂದು ಸುಪ್ರೀಂ ಕೋರ್ಟು ವಿಧಿಸಿದ್ದರಿಂದ ಜೂನ್ 15ರ ಪರೀಕ್ಷೆ ಆಗಸ್ಟ್ 3ಕ್ಕೆ ಹೋಯಿತು. ದೂರದೂರಿನ ಪರೀಕ್ಷಾ ಕೇಂದ್ರಕ್ಕೆ ಹೋಗಿ ಕೊಠಡಿ ಹಿಡಿದು ಕುಳಿತಿದ್ದವರ ಪಾಡನ್ನು ಊಹಿಸಿಕೊಳ್ಳಬಹುದು.

ಒಮ್ಮೆ ತರಬೇತಿಗೆ ಸೇರಿದ ಮೇಲಂತೂ ಹೊರಗೆ ದುಡಿಯುವಂತಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಖಾಸಗಿ ವೃತ್ತಿ ನಡೆಸಬಾರದೆಂದು ನಿಯಮವಿದೆ. ಆದಕಾರಣ ಕೈಗೆ ನಾಲ್ಕು ಕಾಸು ಕೂಡಿಸಿಕೊಳ್ಳಲು, ಸಾಲದ ಹೊರೆಯನ್ನು ಇಳಿಸಿಕೊಳ್ಳಲು ಇರುವ ಅವಕಾಶ ಈ ನಡುವಿನ ವರ್ಷವೇ.

ಹೊರನಾಡಿನ ರೀತಿ

ಇದು ನಮ್ಮಲ್ಲಿಯ ಸಮಸ್ಯೆ ಮಾತ್ರವೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 2005ರಿಂದ ಹೊಸ ವೈದ್ಯರು ಎರಡು ವರ್ಷದ ಬುನಾದಿ ತರಬೇತಿ ಪಡೆಯುತ್ತಾರೆ. ಅದು ಮುಗಿದ ಮೇಲೆ ನೇರವಾಗಿ ಮುಂದಿನ ಶಿಕ್ಷಣಕ್ಕೆ ಹೋಗದೆ, ಆಸ್ಪತ್ರೆಗಳಲ್ಲಿ ಬದಲಿ ವೈದ್ಯರಾಗಿ ಪಾಳಿಯ ಲೆಕ್ಕದಲ್ಲಿ ದುಡಿಯುವವರು ಬಹುಮಂದಿ. ಲೆಕ್ಕಪತ್ರದಲ್ಲಿಲ್ಲದ ಈ ಮೂರನೆಯ ವರ್ಷಕ್ಕೆ ಅವರು 'ಎಫ್-3' ಎಂದು ಹೆಸರನ್ನೂ ಇಟ್ಟಿದ್ದಾರೆ. ಅಮೆರಿಕದಲ್ಲಿ ತರಬೇತಿಯಲ್ಲಿರುವ ವೈದ್ಯರೇ ಬಿಡುವಿನ ಹೊತ್ತಿನಲ್ಲಿ ಹೊರಗೆ ದುಡಿಯುವುದಕ್ಕೆ 'ಬೆಳದಿಂಗಳ ದುಡಿಮೆ' ಎಂಬರ್ಥದ ಮಾತೊಂದು ಬಳಕೆಯಲ್ಲಿದೆ. ಆದರೆ ಮೊದಲ ವರ್ಷದವರಿಗೆ ಅಲ್ಲಿಯೂ ಅದು ನಿಷಿದ್ಧ. ಉಳಿದವರು ಹಾಗೆ ದುಡಿದ ಗಂಟೆಗಳನ್ನೂ ವಾರಕ್ಕೆ 80 ಗಂಟೆಯೆಂಬ ಮಿತಿಯೊಳಗೇ ಲೆಕ್ಕ ಹಿಡಿಯಬೇಕು. ನಿದ್ದೆಗೆಟ್ಟ ವೈದ್ಯನಿಂದ ರೋಗಿಗೆ ಅಪಾಯವೆಂಬ ಅರಿವೇ ಇದಕ್ಕೆ ಕಾರಣ.

ದುಡಿಮೆಯ ದಾರಿಗಳು

ನಮ್ಮ ನಾಡಿನಲ್ಲಿ ಮೊದಲು ಆಗಬೇಕಾದ ಕೆಲಸ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಕಾಯಂ ನೋಂದಣಿ. ಹೌಸ್ ಸರ್ಜನ್ ಕಾಲದ ನೋಂದಣಿ ತಾತ್ಕಾಲಿಕ. ಅದರ ಬಲದಿಂದ ಸ್ವತಂತ್ರವಾಗಿ ಚೀಟಿ ಬರೆಯುವಂತಿಲ್ಲ. ನೋಂದಣಿಯ ಪತ್ರ ಕೈಗೆ ಬಾರದೆ ಕೆಲಸ ಒಪ್ಪಿಕೊಂಡವನು ತನ್ನ ಮುಂದಿನ ಬಾಳನ್ನೇ ಪಣಕ್ಕೊಡ್ಡಿದಂತೆ.

ನೋಂದಣಿಯಾದ ಮೇಲೆ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಪಟ್ಟಣದ ನರ್ಸಿಂಗ್ ಹೋಮುಗಳ 'ಡ್ಯೂಟಿ ಡಾಕ್ಟರ್' ಕೆಲಸ. ರಾತ್ರಿ ಪಾಳಿಗಿಷ್ಟು ಎಂದು ಹಣ. ಹಗಲೆಲ್ಲ ಓದಿಗೆ ಬಿಡುವು. ಎರಡನೆಯದು, ಬೋಧನಾ ಆಸ್ಪತ್ರೆಗಳಲ್ಲಿ ಓದಿಗೆ ಸೇರದ ಕಿರಿಯ ರೆಸಿಡೆಂಟ್ ಹುದ್ದೆ. ಇಲ್ಲಿ ಹಿರಿಯರ ಕಣ್ಣಳತೆಯಲ್ಲಿ ಕಲಿಯುವ ಲಾಭವುಂಟು. ಮೂರನೆಯದು, 2022ರ ಡಿಸೆಂಬರಿನಲ್ಲಿ ರಾಜ್ಯ ಸರಕಾರ ನಗರಗಳಲ್ಲಿ ಆರಂಭಿಸಿದ 'ನಮ್ಮ ಕ್ಲಿನಿಕ್'ನಂಥ ಕಡೆ ಗುತ್ತಿಗೆಯ ಸೇವೆ. ದೂರವಾಣಿಯ ಮೂಲಕ ರೋಗಿಗೆ ಸಲಹೆ ಕೊಡುವುದಕ್ಕೂ 2020ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರ ನಿಯಮಾವಳಿ ಹೊರಡಿಸಿದ್ದು, ಮನೆಯಲ್ಲಿ ಕುಳಿತೇ ಕೆಲವು ಗಂಟೆ ದುಡಿಯುವುದೂ ಸಾಧ್ಯವಾಗಿದೆ. ನಾಲ್ಕನೆಯದು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ.

ಹಳ್ಳಿಯ ಸೇವೆಯನ್ನು ಕರ್ನಾಟಕ ಒಮ್ಮೆ ಕಡ್ಡಾಯವನ್ನಾಗಿಯೇ ಮಾಡಿತ್ತು. 2012ರ ಕಾಯ್ದೆ 2015ರಲ್ಲಿ ಜಾರಿಗೆ ಬಂದು, ವೈದ್ಯ ಪದವಿ ಪಡೆದವರೆಲ್ಲರೂ ಒಂದು ವರ್ಷ ಸರಕಾರಿ ಸೇವೆ ಮಾಡಬೇಕೆಂದು ವಿಧಿಸಿತು. 2023ರ ತಿದ್ದುಪಡಿಯಿಂದ ಅದು ಸಡಿಲವಾಗಿ, ಖಾಲಿ ಹುದ್ದೆಗಳ ಅಗತ್ಯಕ್ಕೆ ತಕ್ಕಂತೆ ಕರೆಯುವ ಏರ್ಪಾಡಾಗಿದೆ. ಕಡ್ಡಾಯವೆಂದರೆ ಗೊಣಗುವುದು ಮನುಷ್ಯಸ್ವಭಾವ. ಆದರೆ ಆ ವರ್ಷದಲ್ಲಿ ದೊರೆಯುವುದೇನೆಂಬುದನ್ನು ನೋಡಬೇಕಾದರೆ ಒಂದು ಊರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕಟ್ಟೆಮಳಲವಾಡಿಯ ಪಾಠ

ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಲಕ್ಷ್ಮಣತೀರ್ಥ ನದಿಯ ಸೀಮೆಯ ಊರು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಂಪುನೆಲದಲ್ಲಿ ಮಳೆಯನ್ನೇ ನಂಬಿ ಬೆಳೆಯುವ ವರ್ಜೀನಿಯಾ ತಂಬಾಕು ಇಲ್ಲಿನ ರೈತನ ಮುಖ್ಯವಾದ ನಗದು ಬೆಳೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಲ್ಲಿ ಒಂದು ಕಟ್ಟೆಮಳಲವಾಡಿಯಲ್ಲಿಯೇ ಇದೆ. ಕರ್ನಾಟಕದಲ್ಲಿ ಈ ಹರಾಜಿನ ಪದ್ಧತಿ 1984ರಲ್ಲಿ ಆರಂಭವಾಯಿತು.

ಇಂಥ ಸೀಮೆಯಲ್ಲಿ ಮಳೆಗಾಲದ ಒಂದು ಮುಂಜಾನೆ ಹೊಲದಿಂದ ನೇರವಾಗಿ ಆರೋಗ್ಯ ಕೇಂದ್ರಕ್ಕೆ ಬಂದ ಕೂಲಿ ಹೆಂಗಸೊಬ್ಬಳು ತಲೆಸುತ್ತು, ವಾಂತಿ, ತಲೆನೋವು ಎನ್ನುತ್ತಾಳೆಂದು ಇಟ್ಟುಕೊಳ್ಳಿ. ನಗರದಲ್ಲಿ ಕಲಿತ ತರುಣ ವೈದ್ಯನಿಗೆ ಮೊದಲು ಹೊಳೆಯುವುದು ಅಜೀರ್ಣ. ಇಲ್ಲವೆ ಕೀಟನಾಶಕದ ವಿಷ. ಆದರೆ ಒದ್ದೆಯಾದ ಹಸಿ ತಂಬಾಕಿನ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತದೆ. ಬೀಡಿ, ಸಿಗರೇಟು ಮುಟ್ಟದವರಿಗೆ ಇದರ ಉಪದ್ರವ ಇನ್ನೂ ಹೆಚ್ಚು. 'ಹಸಿ ತಂಬಾಕು ಬೇನೆ' ಎನ್ನಬಹುದಾದ ಈ ಅಸ್ವಾಸ್ಥ್ಯ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಅದಕ್ಕೆ ಬೇಕಾದದ್ದು ಒದ್ದೆ ಬಟ್ಟೆ ಕಳಚಿ ಸೋಪಿನಿಂದ ಮೈ ತೊಳೆಯುವುದು, ನೀರು, ವಿಶ್ರಾಂತಿ. ಮುಂದೆ ಕೈಗವಸು ಧರಿಸುವುದು, ಎಲೆ ಆರುವವರೆಗೂ ಕೊಯ್ಲಿಗೆ ಇಳಿಯದಿರುವುದು. "ನಿನ್ನೆ ಏನು ಊಟ ಮಾಡಿದೆ?" ಎಂದು ಕೇಳುವುದರ ಜೊತೆಗೆ "ಈ ಹೊತ್ತು ಏನು ಕೆಲಸ ಮಾಡಿದೆ?" ಎಂದೂ ಕೇಳಬೇಕೆಂಬ ಪಾಠವನ್ನು ಈ ಹೊಲಗಳು ಕಲಿಸುವಂತೆ ಉಪನ್ಯಾಸ ಮಂದಿರ ಕಲಿಸಲಾರದು.

ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೊಂದು, ಗಿರಿಜನರ ಪ್ರದೇಶದಲ್ಲಿ ಇಪ್ಪತ್ತು ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ಸರಕಾರದ ಲೆಕ್ಕ. ಅಲ್ಲಿಯ ವೈದ್ಯಾಧಿಕಾರಿ ಜ್ವರಕ್ಕೆ ಮದ್ದು ಕೊಟ್ಟರೆ ತೀರದು. ಹಾವು ಕಚ್ಚಿದವನಿಗೆ ಮೊದಲ ಚಿಕಿತ್ಸೆ, ಬಸುರಿಯರ ತಪಾಸಣೆ, ಮಕ್ಕಳ ಚುಚ್ಚುಮದ್ದು, ಗಾಯದ ಪ್ರಮಾಣಪತ್ರ, ಕೆಲವೊಮ್ಮೆ ಶವಪರೀಕ್ಷೆ, ಅದರ ಬೆನ್ನಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯ. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಕುಡುಗೋಲು ಕಣದ ರಕ್ತಹೀನತೆಯನ್ನು ಗುರುತಿಸುವ ಹೊಣೆಯೂ ಉಂಟು; ಅದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಆರಂಭವಾಯಿತು.

ಇದೇ ಸೀಮೆಯಲ್ಲಿ ನಡುವಿನ ವರ್ಷ ಬಾಳಿನ ಕೆಲಸವಾಗಿಯೇ ಬೆಳೆದ ನಿದರ್ಶನವೂ ಇದೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಅವರು ಗೆಳೆಯರೊಡನೆ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯನ್ನು ಕಟ್ಟಿ, ಪದವಿಯ ಬಳಿಕ ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ನಡುವೆ ಚಿಕಿತ್ಸೆ ಆರಂಭಿಸಿದರು. ಸರಗೂರಿನಲ್ಲಿ ಆಸ್ಪತ್ರೆಯೇ ಎದ್ದಿತು. ಅವರಿಗಿಂತ ಮೊದಲು, 1981ರಲ್ಲಿ, ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗಾಗಿ ಕೆಲಸಕ್ಕೆ ತೊಡಗಿದ್ದರು. ಎಲ್ಲರೂ ಅವರಂತಾಗಬೇಕೆಂದು ಯಾರೂ ಕೇಳರು. ಸಂಬಳಕ್ಕಾಗಿಯೇ ಹೋದ ವೈದ್ಯನೂ ರೋಗಿಗೆ ವೈದ್ಯನೇ.

ಒಪ್ಪುವ ಮುನ್ನ ಕೇಳತಕ್ಕ ಪ್ರಶ್ನೆಗಳು

ಹಣದ ಅಗತ್ಯವಿರುವವನನ್ನು ಮೋಸಗೊಳಿಸುವುದು ಸುಲಭ. ಆದ್ದರಿಂದ ತರುಣರೂ ಅವರ ತಂದೆತಾಯಿಗಳೂ ಕೆಲವು ಮಾತುಗಳನ್ನು ಮೊದಲೇ ಕೇಳಿ ತಿಳಿಯುವುದು ಮೇಲು.

ರಾತ್ರಿ ಎಷ್ಟು ಹಾಸಿಗೆಗಳ ಹೊಣೆ? ತೀವ್ರ ನಿಗಾ ಘಟಕವನ್ನು ಒಬ್ಬನೇ ನೋಡಬೇಕೆ? ಕರೆದರೆ ಹಿರಿಯ ವೈದ್ಯರು ಎಷ್ಟು ಹೊತ್ತಿನಲ್ಲಿ ಬರುವರು? ಈ ಮೂರಕ್ಕೆ ನೇರವಾದ ಉತ್ತರ ದೊರೆಯದಿದ್ದರೆ ಸಂಬಳ ಎಷ್ಟೇ ಇದ್ದರೂ ಆ ಕೆಲಸ ಬೇಡ. ಅಳತೆ ಮೀರಿದ ಹೊಣೆ ಹೊತ್ತಾಗ ಸೋಲುವವನು ವೈದ್ಯನಾದರೂ ಸಾಯುವವನು ರೋಗಿ. ವೈದ್ಯ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಟ್ಟದ್ದೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪಿತ್ತಿದೆ. ಆದಕಾರಣ ವೃತ್ತಿಹೊಣೆಯ ವಿಮೆ ಮಾಡಿಸಿಕೊಳ್ಳುವುದು ಒಳ್ಳೆಯದು.

ತಂಗುವ ಕೊಠಡಿಗೆ ಒಳಗಿನಿಂದ ಚಿಲಕವಿದೆಯೆ, ರಾತ್ರಿ ಕಾವಲುಗಾರನಿರುವನೆ ಎಂಬುದನ್ನು ಕಣ್ಣಾರೆ ನೋಡಬೇಕು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ತರಬೇತಿಯ ವೈದ್ಯೆ ಕೊಲೆಯಾದ ಮೇಲೆ ಇದನ್ನು ಅತಿಯಾದ ಅಂಜಿಕೆಯೆನ್ನುವಂತಿಲ್ಲ.

"ನೀವು ಬರಬೇಕಾಗಿಲ್ಲ, ನಿಮ್ಮ ಪ್ರಮಾಣಪತ್ರದ ಪ್ರತಿ ಕೊಟ್ಟರೆ ಸಾಕು, ತಿಂಗಳಿಗಿಷ್ಟು ಕೊಡುತ್ತೇವೆ" ಎನ್ನುವವರೂ ಇದ್ದಾರೆ. ಅದು ಸಂಬಳವಲ್ಲ, ಉರುಳು. ಒಬ್ಬನ ಹೆಸರಿನಲ್ಲಿ ಮತ್ತೊಬ್ಬನು ಬರೆದ ಚೀಟಿಗೆ ಉತ್ತರ ಹೇಳಬೇಕಾದವನು ಹೆಸರಿನ ಒಡೆಯನೇ.

ನೇಮಕದ ಪತ್ರವನ್ನು ಬರಹದಲ್ಲಿ ಪಡೆಯಬೇಕು. ಅದರಲ್ಲಿ ಪಾಳಿ, ರಜೆ, ಬಿಡುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ ಇರಬೇಕು. ಸೀಟು ದೊರೆತಾಗ ಕೆಲವೇ ದಿನಗಳಲ್ಲಿ ಸೇರಬೇಕಾಗುತ್ತದೆಂಬುದನ್ನು ಮರೆಯಬಾರದು. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಒಪ್ಪಿಸಬಾರದು. ವೃತ್ತಿಶುಲ್ಕವೆಂದು ಶೇಕಡಾ 10ರಷ್ಟು ತೆರಿಗೆ ಮುರಿದುಕೊಂಡಿದ್ದರೆ, ವರ್ಷದ ಕೊನೆಗೆ ಲೆಕ್ಕ ಸಲ್ಲಿಸಿ ಹೆಚ್ಚಿನದನ್ನು ಹಿಂದಕ್ಕೆ ಪಡೆಯಬಹುದು. ಎಷ್ಟೋ ಮಂದಿ ಸಂಕೋಚದಿಂದಲೋ ಸೋಮಾರಿತನದಿಂದಲೋ ಅದನ್ನು ಬಿಟ್ಟುಕೊಡುತ್ತಾರೆ.

ಓದೋ, ದುಡಿಮೆಯೋ?

ಎರಡನ್ನೂ ಪೂರ್ತಿ ಹಿಡಿಯಹೋದರೆ ಎರಡೂ ಜಾರುವ ಭಯವುಂಟು. ವರ್ಷವನ್ನು ಎರಡು ಭಾಗ ಮಾಡಿ, ಮೊದಲ ಆರೇಳು ತಿಂಗಳು ದುಡಿದು, ಉಳಿದುದನ್ನು ಓದಿಗೆ ಮೀಸಲಿಡುವುದು ಕೆಲವರ ಉಪಾಯ. ವಾರಕ್ಕೆ ಎರಡು ಮೂರು ರಾತ್ರಿ ಮಾತ್ರ ದುಡಿಯುವುದು ಮತ್ತೆ ಕೆಲವರದು. ಯಾವುದು ತಕ್ಕುದೆಂಬುದನ್ನು ಮನೆಯ ಸ್ಥಿತಿಯೂ ಮೈಯ ಶಕ್ತಿಯೂ ಹೇಳುತ್ತವೆ. ಸಾಲದ ಕಂತು ಎಷ್ಟು, ಉಳಿತಾಯ ಎಷ್ಟು ಎಂಬುದನ್ನು ಮಕ್ಕಳ ಮುಂದೆ ಮುಚ್ಚಿಡದೆ ಹೇಳುವ ತಂದೆತಾಯಿಗಳು ಅವರಿಗೆ ದೊಡ್ಡ ಉಪಕಾರ ಮಾಡುತ್ತಾರೆ. ತಿಳಿಯದ ಸಾಲ ಕನಸಿನಲ್ಲಿ ದುಪ್ಪಟ್ಟಾಗಿ ಕಾಣುತ್ತದೆ.

ಇನ್ನು ನೆರೆಹೊರೆಯ ಪ್ರಶ್ನೆಗೆ ಉತ್ತರ. ಪರೀಕ್ಷೆಯ ದಿನ ಯಾವಾಗ ಬರುವುದೋ ಅಭ್ಯರ್ಥಿಯ ಕೈಯಲ್ಲಿಲ್ಲ. ಎದುರಿಗೆ ಕುಳಿತ ರೋಗಿಯ ನಾಡಿ ಮಾತ್ರ ಅವನ ಕೈಯಲ್ಲಿದೆ. ಕೆಲಸದಲ್ಲಿದ್ದು ಓದುತ್ತಿರುವ ಮಗನ ಕುರಿತು, ಮಗಳ ಕುರಿತು ತಾಯಿ ಇನ್ನು ಮೇಲೆ ದನಿ ತಗ್ಗಿಸಬೇಕಾಗಿಲ್ಲ. "ಡಾಕ್ಟರ್ ಕೆಲಸ ಮಾಡುತ್ತಿದ್ದಾಳೆ" ಎಂದರೆ ಸಾಕು.