ಆಪತ್ಕಾಲದ ಗುರು: ರಬ್ಬಿ ಲಿಯೋ ಬೆಕ್

ಸುಖದ ದಿನಗಳಲ್ಲಿ ಧರ್ಮವನ್ನು ಉಪದೇಶಿಸುವವರು ಅನೇಕರು. ಆಪತ್ತು ಬಂದೊದಗಿದಾಗ ಜನರ ನಡುವೆ ನಿಂತು ಅವರ ಪಾಡನ್ನು ತಾವೂ ಪಡುವವರು ವಿರಳ. ಜರ್ಮನಿಯ ಯೆಹೂದ್ಯರ ಗುರುಗಳಾಗಿದ್ದ ಲಿಯೋ ಬೆಕ್ ಎಂಬ ಮಹನೀಯರು ಅಂತಹ ವಿರಳರಲ್ಲೊಬ್ಬರು.

ಹೊಳಲೂರಿನ ಸುತ್ತಮುತ್ತ ಮಠ, ಗುಡಿ, ಮಸೀದಿಗಳನ್ನು ಕಂಡು ಬಲ್ಲ ನಮ್ಮ ವಾಚಕರಿಗೆ ಯೆಹೂದ್ಯರ ಪ್ರಾರ್ಥನಾಮಂದಿರವು ಅಪರಿಚಿತವಾದುದು. ಕೊಚ್ಚಿಯಲ್ಲಿಯೂ ಕೊಂಕಣ ತೀರದಲ್ಲಿಯೂ ಆ ಮತದವರು ಬಹುಕಾಲದಿಂದ ನೆಲೆಸಿದ್ದರೂ, ‘ರಬ್ಬಿ’ ಎಂದರೆ ಯಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ರಬ್ಬಿಯು ಪೂಜಾರಿಯಲ್ಲ, ದೇವರಿಗೂ ಭಕ್ತನಿಗೂ ನಡುವಣ ಮಧ್ಯಸ್ಥನೂ ಅಲ್ಲ. ಆ ಶಬ್ದಕ್ಕೆ ‘ನನ್ನ ಗುರು’ ಎಂದರ್ಥ. ಶಾಸ್ತ್ರವನ್ನು ಬೋಧಿಸುವುದು, ವಿವಾಹಗಳನ್ನು ನೆರವೇರಿಸುವುದು, ರೋಗಿಗಳನ್ನು ವಿಚಾರಿಸುವುದು, ಮೃತರ ಮನೆಯವರನ್ನು ಸಂತೈಸುವುದು, ಇವು ಅವನ ಕರ್ತವ್ಯಗಳು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿಯಾದರೂ ಕೂಡಬೇಕೆಂಬುದು ಅವರ ಸಂಪ್ರದಾಯ.

ಬೆಕ್ಕರು ೧೮೭೩ರಲ್ಲಿ, ಈಗ ಪೋಲೆಂಡಿಗೆ ಸೇರಿರುವ ಲಿಸ್ಸಾ ಎಂಬ ಪಟ್ಟಣದಲ್ಲಿ ಜನಿಸಿದರು. ಅವರ ತಂದೆಯವರೂ ರಬ್ಬಿಗಳೇ. ೧೮೯೭ರಲ್ಲಿ ಓಪೆಲ್ನ್ ಪಟ್ಟಣದಲ್ಲಿ ಗುರುಪದವಿಯನ್ನು ವಹಿಸಿ, ಬಳಿಕ ಡ್ಯುಸೆಲ್ಡಾರ್ಫಿನಲ್ಲಿಯೂ, ೧೯೧೨ರಿಂದ ಬರ್ಲಿನ್ ನಗರದಲ್ಲಿಯೂ ಸೇವೆ ಸಲ್ಲಿಸಿದರು. ೧೯೦೫ರಲ್ಲಿ ಪ್ರಕಟವಾದ, ಯೆಹೂದ್ಯ ಧರ್ಮದ ಸಾರವನ್ನು ಕುರಿತ ಅವರ ಗ್ರಂಥವು ಅವರಿಗೆ ವಿದ್ವಾಂಸರ ಮನ್ನಣೆಯನ್ನು ತಂದಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದ ಯೆಹೂದ್ಯ ಯೋಧರ ಧರ್ಮಗುರುಗಳಲ್ಲಿ ಅವರೂ ಒಬ್ಬರಾಗಿದ್ದರು.

೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಅದೇ ವರ್ಷ ಜರ್ಮನಿಯ ಯೆಹೂದ್ಯರ ಪ್ರತಿನಿಧಿ ಸಂಸ್ಥೆಗೆ ಬೆಕ್ಕರು ಅಧ್ಯಕ್ಷರಾದರು. ಶಾಲೆಯಿಂದ ಹೊರದೂಡಲ್ಪಟ್ಟ ಮಕ್ಕಳಿಗೆ ವಿದ್ಯೆ, ಜೀವನೋಪಾಯವನ್ನು ಕಳೆದುಕೊಂಡವರಿಗೆ ಹೊಸ ಕಸುಬಿನ ಶಿಕ್ಷಣ, ಬಡವರಿಗೆ ಸಹಾಯ, ದೇಶ ಬಿಡುವವರಿಗೆ ದಾರಿ, ಇವೆಲ್ಲಕ್ಕೂ ಆ ಸಂಸ್ಥೆಯು ದುಡಿಯಿತು. ತಮಗೆ ಮಾತ್ರ ಪರದೇಶಗಳಿಂದ ಆಹ್ವಾನಗಳು ಬಂದರೂ ಅವರು ಹೋಗಲಿಲ್ಲ. ಪ್ರಾರ್ಥನೆಗೆ ಬೇಕಾದ ಆ ಹತ್ತು ಮಂದಿ ಬರ್ಲಿನ್ನಿನಲ್ಲಿ ಉಳಿದಿರುವವರೆಗೂ ತಮ್ಮ ಸ್ಥಾನವು ಅಲ್ಲಿಯೇ ಎಂಬುದು ಅವರ ನಿಶ್ಚಯವಾಗಿದ್ದಿತು.

೧೯೪೩ರ ಜನವರಿಯಲ್ಲಿ ಅವರನ್ನು ಹಿಡಿದು ತೆರೆಸಿಯನ್‌ಸ್ಟಾಟ್ ಬಂಧನಶಿಬಿರಕ್ಕೆ ಒಯ್ದರು. ಅಲ್ಲಿಗೆ ಸಾಗಿಸಲ್ಪಟ್ಟ ಸುಮಾರು ೧,೪೦,೦೦೦ ಜನರಲ್ಲಿ ೩೩,೦೦೦ದಷ್ಟು ಮಂದಿ ಅಲ್ಲಿಯೇ ಮಡಿದರು. ಇನ್ನೂ ಹೆಚ್ಚು ಮಂದಿಯನ್ನು ಪೂರ್ವದ ವಧಾಸ್ಥಾನಗಳಿಗೆ ಕಳುಹಿಸಲಾಯಿತು. ಎಪ್ಪತ್ತರ ಅಂಚಿನ ವೃದ್ಧರು ಹಗಲು ಕಸದ ಬಂಡಿಯನ್ನೆಳೆದರು. ರಾತ್ರಿ ಕಿಕ್ಕಿರಿದ ಜನರಿಗೆ ಪ್ಲೇಟೋ, ಕಾಂಟ್ ಮೊದಲಾದ ತತ್ತ್ವಜ್ಞರ ವಿಚಾರಗಳನ್ನು ತಿಳಿಯಹೇಳಿದರು. ಹೊಟ್ಟೆಗಿಲ್ಲದವರಿಗೆ ತತ್ತ್ವಜ್ಞಾನವೇಕೆಂದು ಕೆಲವರು ಕೇಳಬಹುದು. ಆದರೆ ತಾವೂ ಮನುಷ್ಯರೆಂಬ ನೆನಪನ್ನು ಅವರಲ್ಲಿ ಉಳಿಸಿದ್ದು ಆ ಉಪನ್ಯಾಸಗಳೇ.

ಇಲ್ಲೊಂದು ಕಠಿಣ ವಿಷಯವನ್ನು ಮರೆಮಾಚಲಾಗದು. ಆಶ್ವಿಟ್ಜಿಗೆ ಹೋದವರನ್ನು ವಿಷವಾಯುವಿನಿಂದ ಕೊಲ್ಲುತ್ತಾರೆಂಬ ವಾರ್ತೆಯು ಶಿಬಿರದಲ್ಲಿಯೇ ಅವರ ಕಿವಿಗೆ ಬಿದ್ದಿತು. ಸಾವನ್ನು ಎದುರುನೋಡುತ್ತ ಬದುಕುವುದು ಇನ್ನೂ ಘೋರವೆಂದೆಣಿಸಿ ಅವರು ಅದನ್ನು ಜನರಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಕೆಲವರಾದರೂ ತಪ್ಪಿಸಿಕೊಳ್ಳುತ್ತಿದ್ದರೇನೋ ಎಂದು ಮುಂದೆ ಹಲವರು ಆಕ್ಷೇಪಿಸಿದರು. ಈ ಚರ್ಚೆಯು ಇಂದಿಗೂ ಮುಗಿದಿಲ್ಲ. ಕರುಣೆಯು ಸತ್ಯವನ್ನು ಎಷ್ಟು ದೂರ ಅಡಗಿಸಬಹುದು? ಮನೆಯಲ್ಲಿ ಅಸಾಧ್ಯ ರೋಗಿಯ ಶುಶ್ರೂಷೆ ಮಾಡಿದ ಗೃಹಸ್ಥರಿಗೆ ಈ ಸಂಕಟವು ತಿಳಿಯದ್ದೇನಲ್ಲ.

೧೯೪೫ರ ಮೇ ತಿಂಗಳಲ್ಲಿ ಶಿಬಿರಕ್ಕೆ ಬಿಡುಗಡೆಯಾಯಿತು. ಬೆಕ್ಕರು ಆಗಲೂ ಕೂಡಲೆ ಹೊರಡಲಿಲ್ಲ. ವಿಷಮಜ್ವರದಿಂದ ನರಳುತ್ತಿದ್ದವರ ಬಳಿ ಕೆಲವು ವಾರಗಳಿದ್ದು, ಅನಂತರ ಲಂಡನ್ನಿಗೆ ತೆರಳಿ ಮಗಳ ಕುಟುಂಬವನ್ನು ಸೇರಿಕೊಂಡರು. ೧೯೫೬ರಲ್ಲಿ ಅಲ್ಲಿಯೇ ದಿವಂಗತರಾದರು. ಅವರ ಹೆಸರಿನಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ಸಂಸ್ಥೆಯು ಜರ್ಮನ್ ಯೆಹೂದ್ಯರ ಚರಿತ್ರೆಯನ್ನು ಇಂದಿಗೂ ಕಾಪಾಡುತ್ತಿದೆ.

ಅವರ ನಿರ್ಧಾರಗಳೆಲ್ಲವನ್ನೂ ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ತಮಗೆ ತೆರೆದಿದ್ದ ಬಾಗಿಲನ್ನು ಬಿಟ್ಟು, ಬಾಗಿಲಿಲ್ಲದವರ ಜೊತೆಯಲ್ಲಿ ನಿಂತವರನ್ನು ಗುರುವೆಂದು ಕರೆಯಲು ಯಾವ ಮತದವರೂ ಹಿಂಜರಿಯಲಾರರು.