ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಅಂಕಪಟ್ಟಿ ಓದುವ ಬಗೆ



ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ರೂಮು ಮಾಡಿಕೊಂಡು ಡಿಗ್ರಿ ಓದುತ್ತಿದ್ದಾರೆ. ಡಿಗ್ರಿ ಮುಗಿಯುವ ಹೊತ್ತಿಗೆ ಎಂ.ಬಿ.ಎ. ಮಾತು ಬರುತ್ತದೆ. ಕ್ಯಾಟ್ ಪರೀಕ್ಷೆಯ ಅಂಕಪಟ್ಟಿಯಲ್ಲಿ 82 ಎಂದಿದ್ದರೆ, ನೂರಕ್ಕೆ 82 ಬಂತೆಂದು ಮನೆಯವರು ಸಂತೋಷಪಡುತ್ತಾರೆ. ಅಷ್ಟರಲ್ಲೇ ಮಧ್ಯವರ್ತಿಯೊಬ್ಬ ಬಂದು, ಇಷ್ಟು ಅಂಕಕ್ಕೆ ದೊಡ್ಡ ಕಾಲೇಜಿನ ಸೀಟು ಖಚಿತ, ಮುಂಗಡ ಕಟ್ಟಿ ಎನ್ನುತ್ತಾನೆ. ತೋಟದ ಪಹಣಿ ಸಾಲದ ಅರ್ಜಿಯ ಜೊತೆ ಸೇರುತ್ತದೆ. ಆದುದರಿಂದ ರುಜು ಹಾಕುವ ಮುನ್ನ ಈ ಅಂಕಪಟ್ಟಿಯಲ್ಲಿ ಏನಿದೆಯೆಂದು ತಿಳಿದಿರುವುದು ಅವಶ್ಯ.

ಮೊದಲನೆಯದಾಗಿ, ಆ 82 ಎಂಬುದು ಪರ್ಸೆಂಟ್ ಅಲ್ಲ, ಪರ್ಸೆಂಟೈಲ್. ಪರ್ಸೆಂಟ್ ಎಂದರೆ ನೂರಕ್ಕೆ ಪಡೆದ ಅಂಕ. ಪರ್ಸೆಂಟೈಲ್ ಎಂದರೆ ಸಾಲಿನಲ್ಲಿ ನಿಂತ ಸ್ಥಾನ. ಮಂಡಿಯ ಟೆಂಡರಿಗೆ ನೂರು ಲಾಟು ರಾಶಿ ಅಡಿಕೆ ಬಂದಿದೆ ಎನ್ನಿ. ನಿಮ್ಮ ಲಾಟಿಗಿಂತ 82 ಲಾಟುಗಳಿಗೆ ಕಡಿಮೆ ದರ ಬಿದ್ದರೆ ನಿಮ್ಮದು 82ನೇ ಪರ್ಸೆಂಟೈಲ್. ಅಡಿಕೆ ಎಷ್ಟು ಉತ್ತಮವೆಂಬುದನ್ನು ಅದು ಹೇಳುವುದಿಲ್ಲ. ಆ ದಿನ ಬಂದ ಮಾಲಿನಲ್ಲಿ ನಿಮ್ಮದು ಎಲ್ಲಿ ನಿಂತಿತೆಂಬುದನ್ನಷ್ಟೇ ಹೇಳುತ್ತದೆ.

ಈಗ ಲೆಕ್ಕ ನೋಡೋಣ. 2024ರ ಕ್ಯಾಟ್ ಪರೀಕ್ಷೆಗೆ ಕುಳಿತವರು ಸುಮಾರು 2.93 ಲಕ್ಷ ಮಂದಿ. 82 ಪರ್ಸೆಂಟೈಲ್ ಬಂದವನಿಗಿಂತ ಮುಂದೆ ಸುಮಾರು 52,700 ಮಂದಿ ಇರುತ್ತಾರೆ. 90 ಆದರೆ ಸುಮಾರು 29,300. 99 ಆದರೂ ಸುಮಾರು 2,900. 1973ರಲ್ಲಿ ಆರಂಭವಾದ ಬೆಂಗಳೂರಿನ ಐ.ಐ.ಎಂ.ನ ಎರಡು ವರ್ಷದ ಮುಖ್ಯ ಕೋರ್ಸಿಗೆ ವರ್ಷಕ್ಕೆ ಸೇರುವವರು ಕೆಲವು ನೂರು ಮಂದಿ ಮಾತ್ರ. 82 ಮತ್ತು 99ರ ನಡುವಿನ ಅಂತರ ಹದಿನೇಳಲ್ಲ, ಸುಮಾರು ಐವತ್ತು ಸಾವಿರ ಜನ.

ಹಾಗೆಂದು ಮಕ್ಕಳನ್ನು ಗದರುವುದೂ ಸರಿಯಲ್ಲ. 2023ರ ಕ್ಯಾಟ್‌ನಲ್ಲಿ 66 ಪ್ರಶ್ನೆಗಳಿಗೆ 198 ಅಂಕಗಳಿದ್ದವು. ಅದರ ಅರ್ಧಕ್ಕಿಂತ ಕಡಿಮೆ ಪಡೆದವರಿಗೂ 99 ಪರ್ಸೆಂಟೈಲ್ ಬಂದಿದೆ. ಸರಿಯುತ್ತರಕ್ಕೆ 3 ಅಂಕ. ಆಯ್ಕೆ ಕೊಟ್ಟ ಪ್ರಶ್ನೆಗೆ ತಪ್ಪುತ್ತರ ಬರೆದರೆ 1 ಅಂಕ ಕಡಿತ. ಹೀಗಾಗಿ ಅಂಕ ಕಡಿಮೆ ಕಂಡ ಮಾತ್ರಕ್ಕೆ ಹುಡುಗ ದಡ್ಡನೆಂದು ತಿಳಿಯಬಾರದು.

ಅಂಕಪಟ್ಟಿಯಲ್ಲಿ 'ಸ್ಕೇಲ್ಡ್ ಸ್ಕೋರ್' ಎಂಬ ಮಾತೂ ಇರುತ್ತದೆ. ಈಚಿನ ವರ್ಷಗಳಲ್ಲಿ ಕ್ಯಾಟ್ ಒಂದೇ ದಿನ ಮೂರು ಪಾಳಿಯಲ್ಲಿ ನಡೆದಿದೆ. ಪ್ರತಿ ಪಾಳಿಗೂ ಬೇರೆ ಪ್ರಶ್ನೆಪತ್ರಿಕೆ. ಒಂದು ಕಠಿಣ, ಒಂದು ಸುಲಭ ಆಗಬಹುದು. ಬೇರೆಬೇರೆ ತೇವಾಂಶದ ಕಾಫಿಯನ್ನು ಹಾಗೆಯೇ ತೂಗಿ ಹೋಲಿಸಿದರೆ ನ್ಯಾಯವಾಗದು; ಒಂದೇ ತೇವಾಂಶದ ಲೆಕ್ಕಕ್ಕೆ ತರಬೇಕು. ಅದೇ ರೀತಿ ಮೂರು ಪಾಳಿಯ ಅಂಕಗಳನ್ನು ಒಂದೇ ಅಳತೆಗೆ ತಂದು ಆಮೇಲೆ ಪರ್ಸೆಂಟೈಲ್ ಕಟ್ಟುತ್ತಾರೆ.

ಒಟ್ಟು ಪರ್ಸೆಂಟೈಲ್ ಒಂದೇ ಸಾಲದು. ಭಾಷೆ, ತರ್ಕ, ಗಣಿತ ಎಂಬ ಮೂರು ವಿಭಾಗಗಳಲ್ಲಿಯೂ ಪ್ರತ್ಯೇಕ ಕನಿಷ್ಠ ಮಟ್ಟವನ್ನು ಐ.ಐ.ಎಂ.ಗಳು ಕೇಳುತ್ತವೆ. ಒಂದರಲ್ಲಿ ಬಿದ್ದರೆ ಒಟ್ಟು 95 ಇದ್ದರೂ ಪ್ರಯೋಜನವಿಲ್ಲ. ಬೆಂಗಳೂರಿನ ಐ.ಐ.ಎಂ. ಹತ್ತನೇ ತರಗತಿ, ಪಿ.ಯು.ಸಿ., ಡಿಗ್ರಿಯ ಅಂಕಗಳನ್ನೂ ಕೆಲಸದ ಅನುಭವವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಮೀಸಲಾತಿಗೆ ಅಲ್ಲಿ ಕೇಂದ್ರದ ಪಟ್ಟಿಯೇ ಆಧಾರ. ನಮ್ಮ ರಾಜ್ಯದ 2ಎ, 3ಎ, 3ಬಿ ಪತ್ರ ನಡೆಯುವುದಿಲ್ಲ.

ನಮ್ಮ ರಾಜ್ಯದ ಪಿ.ಜಿ.ಸಿ.ಇ.ಟಿ.ಯ ರೀತಿಯೇ ಬೇರೆ. ಇದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಎಂ.ಬಿ.ಎ.ಗೆ ನೂರು ಪ್ರಶ್ನೆ, ನೂರು ಅಂಕ, ತಪ್ಪಿಗೆ ಕಡಿತವಿಲ್ಲ. ಇಲ್ಲಿ ನೋಡಬೇಕಾದದ್ದು ರ್ಯಾಂಕ್. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ ಎಂ.ಬಿ.ಎ.ಗೂ, ಅನೇಕ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾದ ಸೀಟುಗಳಿಗೂ ಇದೇ ದಾರಿ. ಮಧ್ಯವರ್ತಿ ಮುಂಗಡ ಕೇಳುವ ಕಾಲೇಜಿನಲ್ಲಿಯೇ ರ್ಯಾಂಕಿನ ಮೇಲೆ ಸರ್ಕಾರಿ ಶುಲ್ಕಕ್ಕೆ ಸೀಟು ದೊರೆಯಬಹುದು.

ವಿದೇಶದ ಕಾಲೇಜುಗಳು ಕೇಳುವ ಜಿಮ್ಯಾಟ್‌ಗೆ ಅಂಕ 205ರಿಂದ 805ರವರೆಗೆ. ಅದರ ಅಂಕ ಐದು ವರ್ಷ ನಡೆಯುತ್ತದೆ. ಕ್ಯಾಟ್ ಅಂಕ ಆ ಒಂದು ಸಾಲಿನ ಪ್ರವೇಶಕ್ಕೆ ಮಾತ್ರ. ಒಂದು ಪರೀಕ್ಷೆಯ 82ನ್ನು ಇನ್ನೊಂದರ 82ರ ಜೊತೆ ಹೋಲಿಸಲಾಗದು. ಹತ್ತು ಲಾಟಿನ ಸಂತೆಯಲ್ಲಿ ಮೊದಲಾಗುವುದೂ ಮುನ್ನೂರು ಲಾಟಿನ ಮಂಡಿಯಲ್ಲಿ ಮೊದಲಾಗುವುದೂ ಒಂದೇ ಅಲ್ಲವಷ್ಟೆ.

ಆದುದರಿಂದ ಹಣ ಕಟ್ಟುವ ಮೊದಲು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಬೇಕೆಂದು ಸದಸ್ಯರಲ್ಲಿ ವಿನಂತಿ. ಇದು ಯಾವ ಪರೀಕ್ಷೆ? ಈ ಅಂಕಿ ಪರ್ಸೆಂಟೋ, ಪರ್ಸೆಂಟೈಲೋ, ರ್ಯಾಂಕೋ? ವಿಭಾಗವಾರು ಎಷ್ಟು ಬಂದಿದೆ? ಕಳೆದ ವರ್ಷ ಆ ಕಾಲೇಜಿನಲ್ಲಿ ಕೊನೆಯ ಸೀಟು ಯಾವ ಮಟ್ಟಕ್ಕೆ ನಿಂತಿತು? ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಸಾಲದ ಮಾತು. ಅಡಿಕೆ ಗಿಡ ಫಸಲಿಗೆ ಬರಲು ವರ್ಷಗಳು ಬೇಕು. ಪಹಣಿಯ ಮೇಲೆ ಸಾಲ ಏರಲು ಒಂದು ರುಜು ಸಾಕು.